ಮೂರು ವರ್ಷದ ಮನೆ

ಸುಳ್ಳು ಹೇಳಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಅವರು ಬರೆಸಿದರು, ಇವರು ಕಲಿಸಿಕೊಟ್ಟರು ಎಂದು ಯಾರೂ ಕಥೆ ಕಟ್ಟುವುದು ಬೇಡ. ನೂರು ವರ್ಷ ದಾಟಿದ ಮನೆಯನ್ನು ಮೂರು ವರ್ಷದ್ದು ಎಂದವಳು ನಾನೇ, ಕದಿರಮ್ಮ. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದವಳೂ ನಾನೇ. ಯಾಕೆ ಎಂದು ಕೇಳಿ, ಹೇಳುತ್ತೇನೆ. ಕೇಳದೆ ಬೈದರೆ ನಾನೂ ಬೈಯುತ್ತೇನೆ.

ನಮ್ಮೂರು ಬುರುಜುಪಲ್ಲಿ, ಮುಳಬಾಗಿಲು ತಾಲ್ಲೂಕು. ನಂಗಲಿ ದಾಟಿ, ಲಾರಿಗಳು ಆಂಧ್ರಕ್ಕೆ ಹೋಗುವ ರಸ್ತೆ ಬಿಟ್ಟು, ಎಡಕ್ಕೆ ಎರಡು ಮೈಲಿ. ಯಾವನೋ ಪಾಳೇಗಾರ ಕಟ್ಟಿಸಿದ ಕೋಟೆ ಇದೆ. ಕೋಟೆ ಎಂದರೆ ದೊಡ್ಡದೇನೂ ಅಲ್ಲ. ಒಂದು ಬುರುಜು, ಅರ್ಧ ಬಿದ್ದ ಗೋಡೆ, ಒಂದು ಬಾಗಿಲು. ಬಾಗಿಲೊಳಗೆ ಊರು, ಬಾಗಿಲಾಚೆ ನಾವು. ಊರಿನವರು ಹೊಲಗೇರಿ ಎನ್ನುತ್ತಾರೆ. ನಾವು ಕೇರಿ ಎನ್ನುತ್ತೇವೆ. ಆಗ ಇಪ್ಪತ್ತೆರಡು ಮನೆಗಳಿದ್ದವು. ಈಗ ಇಪ್ಪತ್ತೊಂದಿವೆ.

ಕೋಟೆ ಕಟ್ಟಿಸಿದವನ ಹೆಸರು ಊರಿಗೆಲ್ಲ ಗೊತ್ತು. ಮಣ್ಣು ತುಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆ ಮಣ್ಣು ತುಳಿಯಲು ತಂದವರನ್ನೇ ಬಾಗಿಲಾಚೆ ಕೂರಿಸಿದ್ದು. ಕೆಲಸ ಮುಗಿದ ಮೇಲೂ ಓಡಿಸಲಿಲ್ಲ. ಮಳೆಗೆ ಗೋಡೆ ಬಿದ್ದರೆ ಎಬ್ಬಿಸಲು ಯಾರಾದರೂ ಬೇಕಲ್ಲ!

ಮಣ್ಣು ತುಳಿಯುವುದು ಎಂದರೆ ಏನೆಂದು ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಕೆರೆಯಿಂದ ಮಣ್ಣು ಹೊರಬೇಕು. ಗುಂಡಿಗೆ ಸುರಿದು, ನೀರು ಬಿಟ್ಟು, ರಾಗಿ ಹೊಟ್ಟು ಸೇರಿಸಿ, ಬೆಳಗಿನಿಂದ ಬೈಗಿನವರೆಗೆ ತುಳಿಯಬೇಕು. ಕಾಲ್ಬೆರಳ ಸಂದಿ ಕೊಳೆಯುತ್ತದೆ. ಮಣ್ಣಿನಲ್ಲಿ ಮುಳ್ಳಿದ್ದರೆ ಮೊದಲು ತಿಳಿಯುವುದು ಹಿಮ್ಮಡಿಗೆ. ಹದವಾದ ಮಣ್ಣನ್ನು ಒಂದು ಮೊಳ ಎತ್ತರ ಎಬ್ಬಿಸಿ ಒಣಗಲು ಬಿಡಬೇಕು. ಒಣಗಿದ ಮೇಲೆ ಇನ್ನೊಂದು ಮೊಳ. ಅವಸರ ಮಾಡಿದರೆ ಗೋಡೆ ಕುಸಿಯುತ್ತದೆ. ಊರೊಳಗಿನ ಮನೆಗಳನ್ನೆಲ್ಲ ಹೀಗೆ ಎಬ್ಬಿಸಿದ್ದು ನಮ್ಮ ಕೇರಿಯ ಹೆಂಗಸರ ಕಾಲು. ಗೋಡೆ ಒಣಗುವ ತನಕ ನಾವು ಒಳಗೆ ಓಡಾಡಬಹುದಿತ್ತು. ಬಾಗಿಲು ಕೂರಿಸಿದ ಮೇಲೆ ಅದೇ ಮನೆಗೆ ನಾವು ಮೈಲಿಗೆ.

ಈಗ ಸುಳ್ಳಿನ ವಿಷಯ.

ಎಮರ್ಜೆನ್ಸಿ ಕಾಲದಲ್ಲಿ ಒಬ್ಬ ಬಂದಿದ್ದ. ಹೆಸರೇನು, ವಯಸ್ಸೆಷ್ಟು, ಮಕ್ಕಳೆಷ್ಟು ಎಂದು ಕೇಳಿದ. ರೇಷನ್ ಕಾರ್ಡಿಗೆ ಎಂದ. ನಮ್ಮನ್ನು ಯಾರು ಹಾಗೆ ಕೂರಿಸಿಕೊಂಡು ಕೇಳಿದ್ದರು? ಎಲ್ಲರೂ ಮುಂದೆ ಬಿದ್ದು ಹೇಳಿದರು. ನನ್ನ ಗಂಡ ಮುನಿಯಲ್ಲಪ್ಪ ಇಪ್ಪತ್ತೆಂಟು ಎಂದ, ಒಂದು ಹೆಣ್ಣು ಮಗು ಎಂದ. ಎರಡು ವಾರಕ್ಕೆ ಜೀಪು ಬಂತು. ಪಟ್ಟಿಯಲ್ಲಿದ್ದ ಹನ್ನೊಂದು ಗಂಡಸರನ್ನು ಹತ್ತಿಸಿಕೊಂಡು ಹೋಯಿತು. ಸಂಜೆ ತಂದು ಇಳಿಸಿದಾಗ ಹನ್ನೊಂದೂ ಜನ ಕಾಲು ಅಗಲಿಸಿ ನಡೆಯುತ್ತಿದ್ದರು. ಕೈಯಲ್ಲಿ ಒಂದೊಂದು ಡಬ್ಬಿ ತುಪ್ಪ. ಮಕ್ಕಳಾಗದ ಆಪರೇಷನ್ನು. ಕೋಟೆ ಬಾಗಿಲೊಳಗಿನ ಒಬ್ಬ ಗಂಡಸೂ ಆ ಜೀಪು ಹತ್ತಿರಲಿಲ್ಲ.

ಮುಂದಿನ ವರ್ಷ ನನ್ನ ಮಗಳು ದಡಾರಕ್ಕೆ ಹೋದಳು. ಎರಡೂವರೆ ವರ್ಷ ಅವಳಿಗೆ. ಮತ್ತೆ ಮಗು ಎಲ್ಲಿಂದ ಬರಬೇಕು?

ಅಲ್ಲಿಂದ ಕೇರಿ ಒಂದು ಪಾಠ ಕಲಿಯಿತು. ಪೆನ್ನು ಹಿಡಿದವನಿಗೆ ನಿಜ ಹೇಳಬಾರದು. ಆಡು ಎಷ್ಟು ಎಂದರೆ ಆಡೇ ಇಲ್ಲ. ಗಂಡ ಎಲ್ಲಿ ಎಂದರೆ ಊರಲ್ಲಿಲ್ಲ. ವಯಸ್ಸು ಎಂದರೆ ಬಾಯಿಗೆ ಬಂದದ್ದು.

ಎಪ್ಪತ್ತೊಂಬತ್ತರಲ್ಲಿ ಸಂಕ್ರಾಂತಿ ಮುಗಿದ ವಾರ ಇನ್ನೊಬ್ಬ ಬಂದ. ಹೆಸರು ಚಂದ್ರಶೇಖರ. ಬೆಂಗಳೂರಿನವನು. ಹಳೆಯ ಕೋಟೆ, ಹಳೆಯ ಮನೆಗಳನ್ನು ಕಾಪಾಡುವ ಇಲಾಖೆಯ ಆಫೀಸರು ಎಂದು ನಮಗೆ ಗೊತ್ತಾದದ್ದು ಆಮೇಲೆ. ಕುತ್ತಿಗೆಗೆ ಕ್ಯಾಮೆರಾ, ಜೊತೆಗೆ ಟೇಪು ಹಿಡಿದ ಗುಮಾಸ್ತ. ಪಕ್ಕದಲ್ಲಿ ನಮ್ಮೂರ ಪಂಚಾಯ್ತಿ ಛೇರ್ಮನ್ ಚನ್ನರಾಯಪ್ಪ. ಬೆಳಗ್ಗೆಯೆಲ್ಲ ಊರೊಳಗೆ ಅಳತೆ ಮಾಡಿದರು. ಹಳೇ ಶಾನುಭೋಗರು ಲಕ್ಷ್ಮೀನಾರಾಯಣಯ್ಯನವರ ಮನೆಯಲ್ಲಿ ಊಟ ಮಾಡಿದರು. ವೀಳ್ಯ ಹಾಕಿಕೊಂಡು ಕೇರಿಯ ಕಡೆ ಬಂದರು. ಒಳಗೆ ಬರಲಿಲ್ಲ. ಕೇರಿಯ ಬಾಯಲ್ಲಿ ಹೊಂಗೆ ಮರವಿದೆ, ಅದರ ಕೆಳಗೆ ನಿಂತು ಎಲ್ಲರನ್ನೂ ಅಲ್ಲಿಗೇ ಕರೆಸಿದರು.

ನಮ್ಮೊಳಗೆ ಪಿಸುಪಿಸು ಶುರುವಾಯಿತು. ಈ ಸಲ ಹೆಂಗಸರಿಗೆ ಆಪರೇಷನ್ನು ಎಂದಳು ಒಬ್ಬಳು. ಪಕ್ಕದ ಮನೆಯ ವೆಂಕಟರಮಣಪ್ಪ ಎಲ್ಲ ತಿಳಿದವನ ಹಾಗೆ ನನ್ನ ಕಿವಿಯಲ್ಲಿ ಹೇಳಿದ.

"ಗೋಡೆ ಅಳೀತಾವ್ರೆ ಕಣಕ್ಕಾ. ಹಳೇದು ಅಂದ್ರೆ ಬೀಳೋ ಮನೆ ಅಂತ ಬರ್ಕೊಂತಾರೆ. ಬೀಳೋ ಮನೆ ಅಂದ್ರೆ ಕೆಡವ್ತಾರೆ. ಹೊಸದು ಅನ್ನು."

ಸರಿ ಎನಿಸಿತು. ನಮ್ಮ ಲೆಕ್ಕದಲ್ಲಿ ಯಾರಾದರೂ ಕೆಡವುವುದು ಹಳೆಯದನ್ನೇ.

ಮೊದಲು ನನ್ನನ್ನೇ ಕರೆದರು. ನಮ್ಮದು ಸಾಲಿನ ಮೊದಲ ಮನೆ. ಆಫೀಸರು ಮರ್ಯಾದೆಯಾಗಿಯೇ ಕೇಳಿದ.

"ನಿಮ್ಮ ಮನೆ ಕಟ್ಟಿ ಎಷ್ಟು ವರ್ಷ ಆಗಿದೆಯಮ್ಮಾ?"

"ಯಾಕ್ ಸ್ವಾಮಿ?"

"ಸುಮ್ಮನೆ. ಬರ್ಕೊಳೋದಕ್ಕೆ."

ಸುಮ್ಮನೆ ಯಾರೂ ಏನನ್ನೂ ಬರೆದುಕೊಳ್ಳುವುದಿಲ್ಲ. ನಾನು ತಿರುಗಿ ಮನೆ ನೋಡಿದೆ. ಹೋದ ಹಬ್ಬಕ್ಕೆ ಬಳಿದ ಸುಣ್ಣ ಇನ್ನೂ ಬೆಳ್ಳಗಿತ್ತು.

"ಮೂರ್ ವರ್ಸ ಆಯ್ತು ಸ್ವಾಮಿ."

ಗುಮಾಸ್ತ ಬರೆದುಕೊಂಡು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ. ನನ್ನ ಹಿಂದೆ ನಿಂತವರು ಎರಡು ಎಂದರು, ನಾಲ್ಕು ಎಂದರು, ಹೋದ ವರ್ಸ ಎಂದರು. ವೆಂಕಟರಮಣಪ್ಪನ ಸರದಿ ಬಂದಾಗ ಹೇಳಲು ವರ್ಷವೇ ಉಳಿದಿರಲಿಲ್ಲ. "ಇನ್ನೂ ಕಟ್ತಾನೇ ಇವ್ನಿ ಸ್ವಾಮಿ" ಎಂದ. ಅವನ ಮುತ್ತಾತ ಸತ್ತದ್ದು ಅದೇ ಮನೆಯಲ್ಲಿ. ಆಫೀಸರು ನಕ್ಕ. ನಾವೂ ನಕ್ಕೆವು. ಗೆದ್ದೆವು ಎಂದುಕೊಂಡೆವು.

ಚನ್ನರಾಯಪ್ಪನಿಗೆ ನಿಜ ಗೊತ್ತಿತ್ತು. ಅವನ ತಾತನ ಮದುವೆಗೆ ತಮಟೆ ಹೋದದ್ದು ಇದೇ ಮನೆಗಳಿಂದ. ಅವನು ಹಲ್ಲಿನ ಸಂದಿಗೆ ಕಡ್ಡಿ ಹಾಕುತ್ತ ನಿಂತಿದ್ದ.

ಸಂಜೆ ನನ್ನ ಅತ್ತೆ ದೊಡ್ಡಗಂಗಮ್ಮ ಕಳೆ ಕೀಳುವ ಕೆಲಸ ಮುಗಿಸಿ ಬಂದಳು. ಎಪ್ಪತ್ತು ದಾಟಿದ ಹೆಂಗಸು. ಸೊಂಟ ಬಾಗಿತ್ತು, ಬಾಯಿ ಬಾಗಿರಲಿಲ್ಲ. ನಡೆದದ್ದು ಹೇಳಿದೆ.

"ಯಾಕ್ ಕೇಳ್ತೀಯ ಅಂತ ಕೇಳ್ದಾ?"

"ಕೇಳ್ದೆ ಅತ್ತೆ. ಸುಮ್ನೆ ಅಂದ."

"ಸುಮ್ನೆ ಅಂದನಾ?"

ಅಂದು ಅವಳು ಮುದ್ದೆ ಮುಟ್ಟಲಿಲ್ಲ.

ನಮ್ಮ ಕೇರಿಗೆ ಒಂದು ನೀರಿನ ಬೋರಿಂಗ್ ಬರಲು ಒಂಬತ್ತು ವರ್ಷ ಹಿಡಿಯಿತು. ನೋಟೀಸು ಬರಲು ಐದು ವಾರವೂ ಹಿಡಿಯಲಿಲ್ಲ. ಹೊಂಗೆ ಮರದ ಕೆಳಗೆ ಚನ್ನರಾಯಪ್ಪ ಓದಿದ. ಬುರುಜು, ಕೋಟೆ ಬಾಗಿಲು, ಮುನ್ನೂರು ವರ್ಷ ಹಳೆಯದಾದ ಶಾನುಭೋಗರ ಮನೆ, ಇವಿಷ್ಟನ್ನು ಸರ್ಕಾರ ಕಾಪಾಡುತ್ತದೆ. ಕೋಟೆ ಬಾಗಿಲ ಮುಂದೆ ಇತ್ತೀಚೆಗೆ ಅನುಮತಿ ಇಲ್ಲದೆ ಹಾಕಿಕೊಂಡಿರುವ ಇಪ್ಪತ್ತೆರಡು ಗುಡಿಸಲುಗಳನ್ನು ಯುಗಾದಿಗೆ ಮುಂಚೆ ತೆಗೆಯಬೇಕು.

"ತೆಗೆದು ಎಲ್ಲಿಗೆ ಹೋಗಣ?" ಎಂದ ನನ್ನ ಗಂಡ.

"ಕೆರೆಯಾಚೆ ಗುಟ್ಟೆ ಮೇಲೆ ಜಾಗ ತೋರಿಸ್ತಾರಂತೆ."

"ಅಲ್ಲಿ ನೀರಿಲ್ಲ."

"ನೀರಿಲ್ಲ ಅಂದ್ರೆ ನಾನೇನ್ ಉಚ್ಚೆ ಹುಯ್ಲೇನ್ಲಾ? ನೀವೇ ಬರ್ಸಿರೋದು. ನಿನ್ ಹೆಂಡ್ತೀನ ಕೇಳು."

ಎಲ್ಲರೂ ನನ್ನ ಮುಖ ನೋಡಿದರು. ಗುಡಿಸಲು ಎಂದು ಯಾರೂ ಹೇಳಿರಲಿಲ್ಲ. ಅದನ್ನು ಅವರೇ ಸೇರಿಸಿಕೊಂಡಿದ್ದರು. ಆದರೆ ಮೂರು ವರ್ಷ ನನ್ನದೇ. ಕೋಟೆ ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವಂತೆ, ಅವು ನಿಲ್ಲಲು ಜಾಗ ಬೇಕಂತೆ, ಪಕ್ಕದಲ್ಲಿ ಚನ್ನರಾಯಪ್ಪನ ಹೋಟೆಲ್ ಬರುತ್ತದಂತೆ ಎಂಬ ಸುದ್ದಿ ಅದೇ ಸಂಜೆ ಕೇರಿಗೆ ಬಂತು. ನಿಜವೋ ಸುಳ್ಳೋ ಗೊತ್ತಿಲ್ಲ. ಆದರೆ ಅವನು ನೋಟೀಸು ಓದುವಾಗ ಕಣ್ಣು ಕಾಗದದ ಮೇಲಿರಲಿಲ್ಲ, ನಮ್ಮ ಮನೆ ಜಾಗವನ್ನು ಅಳೆಯುತ್ತಿತ್ತು.

ಅತ್ತೆ ನನ್ನನ್ನು ಎಳೆದುಕೊಂಡು ಶಾನುಭೋಗರ ಮನೆಗೆ ಹೋದಳು. ಹಿತ್ತಲ ಬಾಗಿಲಲ್ಲಿ ನಿಂತೆವು. ಬಿಸಿಲು. ಒಂದು ಗಂಟೆ ನಿಂತೆವು. ಅವರ ಹೆಂಡತಿ ತುಳಸಮ್ಮನವರು ಕುಡಿಯಲು ನೀರು ಕೊಟ್ಟರು. ಕೊಟ್ಟರು ಎಂದರೆ, ಮೇಲಿನಿಂದ ಹುಯ್ದರು. ನಾವು ಬೊಗಸೆ ಒಡ್ಡಿದೆವು. ಅರ್ಧ ನೀರು ಮೊಣಕೈಯಿಂದ ಇಳಿದು ಸೀರೆಗೆ ಹೋಯಿತು.

ಲಕ್ಷ್ಮೀನಾರಾಯಣಯ್ಯನವರು ಬಂದು ಜಗುಲಿಯ ಮೇಲೆ ನಿಂತರು. ಅತ್ತೆ ಕೈಮುಗಿದಳು.

"ಅಯ್ನೋರೇ, ನಮ್ಮನೆಗ್ಳು ಯಾವ್ ಕಾಲದ್ದು ಅಂತ ನಿಮಗ್ ಗೊತ್ತು. ನಿಮ್ಮಪ್ಪ ಬರ್ದ ಹಳೇ ಪುಸ್ತಕ್ದಾಗೂ ಇರ್ತದೆ. ಒಂದ್ ಮಾತು ಹೇಳಿ ಆ ಆಫೀಸ್ರಿಗೆ."

"ಬರೆದದ್ದಾಯ್ತಲ್ಲೇ ಗಂಗೀ. ನಿನ್ನ ಸೊಸೆ ಹೆಬ್ಬೆಟ್ಟು ಒತ್ತಿದಾಳೆ."

"ಹುಡ್ಗಿ, ಹೆದ್ರಿಕೊಂಡು ಹೇಳ್ಬುಟ್ಲು."

"ಹೆದರಿಕೊಂಡು ಹೇಳಿದ್ರೂ ಹೇಳಿದ್ದೇ."

ಅತ್ತೆ ಮುಗಿದ ಕೈ ಇಳಿಸಿದಳು. "ಮತ್ತೆ ಈ ಮನೆ ಮುನ್ನೂರ್ ವರ್ಸ ಅಂತ ಬರ್ಸಿದೀರಂತೆ. ಗಾಂಧೀನ ಕೊಂದ ವರ್ಸ ಮಳೇಗೆ ಪೂರಾ ಕೂತೋಗಿತ್ತು ಈ ಮನೆ. ಮತ್ತೆ ಎಬ್ಸಿದ್ದು ಯಾರು? ಹೊಟ್ಟೇಲಿ ಮಗೀನ ಇಟ್ಕಂಡು ಇದೇ ಗೋಡೆಗೆ ನಾನ್ ಮಣ್ಣು ತುಳ್ದಿವ್ನಿ. ಈ ಕಂಬ್ಗಳು ಪುಂಗನೂರು ಕಡೆಯಿಂದ ಗಾಡೀಲಿ ಬಂದಾಗ ಇಳಿಸ್ಕಂಡಿದ್ದು ನನ್ ಗಂಡ. ನನ್ ಮಗಂಗೂ ನಿಮ್ ಮನೆಗೂ ಒಂದೇ ವಯಸ್ಸು ಸ್ವಾಮಿ."

ತುಳಸಮ್ಮನವರು ಒಳಗೆ ಹೋಗಿಬಿಟ್ಟರು. ಶಾನುಭೋಗರು ದನಿ ಏರಿಸಲಿಲ್ಲ. ಅವರು ಎಂದೂ ದನಿ ಏರಿಸಿದವರಲ್ಲ.

"ನೋಡು ಗಂಗೀ. ನನ್ನ ಮನೆ ವಯಸ್ಸು ನಾನು ಹೇಳಿದೀನಿ. ನಿನ್ನ ಮನೆ ವಯಸ್ಸು ನಿನ್ನ ಸೊಸೆ ಹೇಳಿದಾಳೆ. ಎರಡನ್ನೂ ಸರ್ಕಾರ ನಂಬಿದೆ. ಇನ್ನೇನು ಬೇಕು?"

ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ. ಮನೆ ಹತ್ತಿರ ಬಂದಾಗ ಅತ್ತೆ ಹೇಳಿದಳು. "ಅಳ್ಬೇಡ ಕಣೇ. ಸುಳ್ಳು ಹೇಳಿದ್ ತಪ್ಪಲ್ಲ. ಅವ್ರಷ್ಟು ದೊಡ್ ಸುಳ್ಳು ಹೇಳ್ಳಿಲ್ವಲ್ಲ, ಅದು ತಪ್ಪು."

ಹದಿನೈದು ದಿನ ಬಿಟ್ಟು ಆಫೀಸರು ಮತ್ತೆ ಬಂದ. ಜಾಗಕ್ಕೆ ಕಲ್ಲು ನೆಡಿಸಲು. ನಮ್ಮ ಮನೆ ಗೋಡೆಗೆ ಒಂದು ಮಾರು ದೂರದಲ್ಲಿ ಮೊದಲ ಕಲ್ಲು. ಯುಗಾದಿ ಹತ್ತಿರ ಬಂದಿತ್ತು. ನಾನು ಮನೆ ಮುಂದಿನ ಗುಂಡಿಯಲ್ಲಿ ಕೆಮ್ಮಣ್ಣು ತುಳಿಯುತ್ತಿದ್ದೆ. ಮನೆ ಕೆಡವುತ್ತಾರೆ ಎಂದು ಗೊತ್ತಿದ್ದೂ ತುಳಿಯುತ್ತಿದ್ದೆ. ಹಬ್ಬಕ್ಕೆ ಗೋಡೆ ಮೆತ್ತದೆ ಇರುವುದು ನಮಗೆ ಬರುವುದಿಲ್ಲ.

ನಮ್ಮಲ್ಲಿ ಹೀಗೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ಬಾಗಿಲ ಪಕ್ಕದ ಗೋಡೆಗೆ ಕೆಮ್ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತೇವೆ. ಹಳೆಯದನ್ನು ಕೆರೆಯುವುದಿಲ್ಲ, ಅದರ ಮೇಲೆಯೇ ಮೆತ್ತುವುದು. ಮನೆಯಲ್ಲಿ ಸಾವಾದ ವರ್ಷ ಹಬ್ಬವಿಲ್ಲ, ಸುಣ್ಣವೂ ಇಲ್ಲ. ಬೂದಿ ಕಲೆಸಿದ ಸಗಣಿಯನ್ನು ಸಾರಿಸಿ ಬಿಟ್ಟುಬಿಡುತ್ತೇವೆ.

ಅತ್ತೆ ಒಳಗಿನಿಂದ ಮಚ್ಚು ತಂದಳು. ಆಫೀಸರ ಗುಮಾಸ್ತ ಹೆದರಿ ಹಿಂದೆ ಸರಿದ. ಅವಳು ಅವರತ್ತ ನೋಡಲೂ ಇಲ್ಲ. ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಏಟು ಹಾಕಿದಳು. ಕುಂಬಳಕಾಯಿ ಹೋಳಿನಷ್ಟು ದಪ್ಪದ ತುಂಡು ಎದ್ದು ಬಂತು. ಮೊರದಲ್ಲಿಟ್ಟು ಆಫೀಸರ ಮುಂದೆ ಹಿಡಿದಳು.

"ಓದಿರೋನಲ್ವಾ ನೀನು. ಓದು."

ತುಂಡಿನ ಅಂಚಿನಲ್ಲಿ ಗೆರೆಗಳು. ಕೆಂಪು, ಬಿಳಿ, ಕೆಂಪು, ಬಿಳಿ. ದಾರದಷ್ಟು ತೆಳ್ಳಗೆ, ಒಂದರ ಮೇಲೊಂದು. ಅಲ್ಲಲ್ಲಿ ಬಿಳಿ ಇರಬೇಕಾದ ಕಡೆ ಕಪ್ಪು. ಆಫೀಸರು ಕೂತ. ಪ್ಯಾಂಟಿಗೆ ಮಣ್ಣಾದದ್ದು ಅವನಿಗೆ ತಿಳಿಯಲಿಲ್ಲ. ಕೆಂಪು ಬಿಟ್ಟು, ಪೆನ್ನಿನ ತುದಿಯಲ್ಲಿ ಒಂದೊಂದೇ ಬಿಳಿ, ಕಪ್ಪು ಗೆರೆ ಮುಟ್ಟಿ ಎಣಿಸಿದ. ಅರವತ್ತಕ್ಕೆ ತಪ್ಪಿತು, ಮತ್ತೆ ಮೊದಲಿನಿಂದ. ನೂರಾ ಹದಿನಾಲ್ಕಕ್ಕೆ ನಿಲ್ಲಿಸಿದ. ಒಳಗೆ ಇನ್ನೂ ಇದ್ದವು, ಅಂಟಿಕೊಂಡು ಒಂದಾಗಿದ್ದವು.

"ಈ ಕಪ್ಪು ಏನಮ್ಮಾ?"

"ಸಾವು," ಎಂದಳು ಅತ್ತೆ. "ಇದು ನನ್ ಗಂಡ. ಇದು ನಮ್ಮತ್ತೆ. ಇಲ್ಲಿ ಮೂರು ಒಟ್ಗೆ ಅವಲ್ಲ, ಅದು ಪ್ಲೇಗು. ಮೇಲಿಂದ ಎರಡ್ನೇದು ನನ್ ಮೊಮ್ಮಗ್ಳು."

ಅವನ ಕಣ್ಣು ಹೊಳೆಯಿತು. ಅದನ್ನು ನೋಡಿ ನನಗೆ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ. ಉಳಿಯಿತು ಮನೆ ಎಂದುಕೊಂಡೆ. ಅವನು ಎದ್ದು ನಿಂತು ಗುಮಾಸ್ತನಿಗೆ ಪೆಟ್ಟಿಗೆ ತರಲು ಹೇಳಿದ. ಪೆಟ್ಟಿಗೆಗೆ ಹುಲ್ಲು ಹಾಸಲು ಹೇಳಿದ.

"ಇಂಥಾದ್ದು ನಾನು ಎಲ್ಲೂ ನೋಡಿಲ್ಲಮ್ಮ. ಇದನ್ನ ಬೆಂಗಳೂರಿಗೆ ತಗೊಂಡು ಹೋಗ್ತೀನಿ. ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಕೆಳಗೆ ನಿಮ್ಮೂರ ಹೆಸರು ಬರೆಸ್ತೀನಿ. ಜನ ಬಂದು ನೋಡ್ತಾರೆ."

"ಮನೆ?" ಎಂದೆ ನಾನು, ಗುಂಡಿಯಿಂದ.

"ಮನೆ ವಿಷಯ ನನ್ನ ಕೈಲಿ ಇಲ್ಲ. ಪಟ್ಟಿ ಮೇಲಕ್ಕೆ ಹೋಗಿಬಿಟ್ಟಿದೆ."

"ನೂರಾ ಹದ್ನಾಲ್ಕು ಅಂತ ನೀವೇ ಎಣಿಸಿದ್ರಿ."

"ಎಣಿಸಿದೆ. ಆದ್ರೆ ಕಾಗದದಲ್ಲಿ ಮೂರು ಅಂತ ಇದೆ. ನೀವೇ ಹೇಳಿದ್ದು."

ನೋಡಿ, ಅವನು ಕೆಟ್ಟವನ ಹಾಗೆ ಮಾತಾಡಲಿಲ್ಲ. ಬೇಸರದಿಂದಲೇ ಹೇಳಿದ. ಬೇಸರದಿಂದ ಹೇಳುತ್ತಲೇ ತುಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಎಳೆ ಮಗುವನ್ನು ಎತ್ತುವ ಹಾಗೆ. ನನಗೆ ಮೈ ಉರಿದು ಹೋಯಿತು. ಗುಂಡಿಯಿಂದ ಮೇಲೆ ಬಂದೆ. ಕಾಲು ಮೊಣಕಾಲವರೆಗೆ ಕೆಂಪಾಗಿತ್ತು. ಹೋಗಿ ಅವನ ಕೈಯಿಂದ ತುಂಡನ್ನು ಕಿತ್ತುಕೊಂಡೆ. ನನ್ನ ಬೆರಳು ಅವನ ಬೆರಳಿಗೆ ತಾಗಿತು. ಚನ್ನರಾಯಪ್ಪ "ಏಯ್, ಏಯ್" ಎಂದು ಕೂಗಿದ.

"ನಮ್ ಮನೆ ಬೇಡ, ನಮ್ ಮಣ್ಣು ಬೇಕಾ? ಇದ್ರಾಗೆ ನನ್ ಮಗ್ಳವ್ಳೆ. ಗಾಜ್ನಾಗ್ ಇಟ್ಟು ಯಾರಿಗ್ ತೋರಿಸ್ತೀಯ?"

ತುಂಡನ್ನು ಗುಂಡಿಗೆ ಹಾಕಿದೆ. ಒಂದು ಕೊಡ ನೀರು ಸುರಿದೆ. ಇಳಿದು ತುಳಿದೆ. ಮೊದಲು ಗಟ್ಟಿಯಿತ್ತು, ಹಿಮ್ಮಡಿಗೆ ಒತ್ತಿತು. ಆಮೇಲೆ ಮೆತ್ತಗಾಯಿತು. ಆಫೀಸರು "ಅಯ್ಯೋ, ಅಯ್ಯಯ್ಯೋ" ಎನ್ನುತ್ತಿದ್ದ. ಅವನು ನಿಜವಾಗಿ ನೊಂದದ್ದು ನಾನು ನೋಡಿದ್ದು ಅದೊಂದೇ ಸಲ. ಅದೇ ಮಣ್ಣನ್ನು ಎತ್ತಿ ಗೋಡೆಯ ತೂತಿಗೆ ಮೆತ್ತಿದೆ. ಅಂಗೈಯಿಂದ ಉಜ್ಜಿದೆ. ಅತ್ತೆ ಪಕ್ಕದಲ್ಲಿ ನಿಂತು, "ಅಲ್ಲೊಸಿ ಬಿಟ್ಟೋಯ್ತು ನೋಡೇ" ಎಂದಳು, ಪ್ರತಿ ವರ್ಷ ಹೇಳುವ ಹಾಗೆಯೇ.

ಒಡೆಯುವ ದಿನ ಯುಗಾದಿಗೆ ಇನ್ನು ನಾಲ್ಕು ದಿನವಿತ್ತು. ಊರಿನ ಯಾರೂ ಗೋಡೆ ಕೆಡವುವ ಗಡ್ಡಪಾರೆ ಹಿಡಿಯಲು ಬರಲಿಲ್ಲ. ನಮ್ಮ ಮೇಲಿನ ಕನಿಕರಕ್ಕಲ್ಲ. ಕೇರಿಯ ಧೂಳು ಮೈಮೇಲೆ ಬೀಳುತ್ತದಲ್ಲ, ಅದಕ್ಕೆ. ಚನ್ನರಾಯಪ್ಪ ಆಂಧ್ರದ ಕಡೆಯಿಂದ ಒಡ್ಡರನ್ನು ಟ್ರ್ಯಾಕ್ಟರಿನಲ್ಲಿ ಕರೆಸಿದ. ಗಂಡಸರು ಹೆಂಗಸರು ಸೇರಿ ಹದಿನೆಂಟು ಜನ. ಅವರ ಮೇಸ್ತ್ರಿ ನರಸಿಂಹಪ್ಪ ಎಂಬ ಗಿಡ್ಡನೆಯ ಮುದುಕ. ಅವರೂ ನಮ್ಮ ಹಾಗೆ ಮಣ್ಣು ಕಲ್ಲು ಹೊರುವವರೇ. ಬಿರಿದ ಹಿಮ್ಮಡಿ ನೋಡಿದರೆ ಗೊತ್ತಾಗುತ್ತದೆ.

ನರಸಿಂಹಪ್ಪ ಮೊದಲು ಕೇರಿಯ ಈ ತುದಿಯಿಂದ ಆ ತುದಿಗೆ ನಡೆದ. ಪ್ರತಿ ಮನೆಯ ಮಾಡು ನೋಡಿದ, ಬಾಗಿಲಲ್ಲಿ ನಿಂತು ಮೂಸಿದ. ನಮ್ಮ ಪಕ್ಕದ ಮನೆಯ ಮುಂದೆ ನಿಂತ. ವೆಂಕಟರಮಣಪ್ಪನ ಮನೆಗೆ ಬೀಗ. ಅವನು ಹೆಂಡತಿಯನ್ನು ಕರೆದುಕೊಂಡು ಮಾಲೂರಿನ ಹೆಂಚಿನ ಕಾರ್ಖಾನೆಗೆ ಕೂಲಿಗೆ ಹೋಗಿದ್ದ. ಮುಂದಿನ ವಾರ ಬರುವವನಿದ್ದ. ಮೇಸ್ತ್ರಿ ಕೈ ತೋರಿಸಿದ. ನಾಲ್ಕು ಗಡ್ಡಪಾರೆ ಒಟ್ಟಿಗೆ ಬಿದ್ದವು.

ಮಣ್ಣಿನ ಗೋಡೆ ಬೀಳುವಾಗ ಸದ್ದಾಗುವುದಿಲ್ಲ. ನೆಲ ಅದುರುತ್ತದೆ, ಅಷ್ಟೇ. ತೊಲೆ ಇಳಿಯಿತು, ಮಾಡು ಇಳಿಯಿತು. ಧೂಳು ಇಳಿದಾಗ ಅವನ ಒಳಮನೆ ಕಾಣಿಸಿತು. ಗೂಡಿನಲ್ಲಿ ಒಂದು ಬಾಚಣಿಗೆ. ನಡುವೆ ತಣ್ಣಗಿನ ಒಲೆ. ಇನ್ನೂ ಕಟ್ಟುತ್ತಲೇ ಇದ್ದೇನೆ ಎಂದಿದ್ದ ಮನೆ ಅರ್ಧ ಗಂಟೆಯಲ್ಲಿ ಹೋಯಿತು.

ಆಮೇಲೆ ನಮ್ಮ ಮನೆ. ಒಡ್ಡರ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ನಾನು ಒಲೆಯ ಮುಂದೆ ಅಂಬಲಿ ಕಾಯಿಸುತ್ತಿದ್ದೆ.

"ಅಕ್ಕಾ, ಪೊಯ್ಯಿ ಆರ್ಪು," ಎಂದಳು. ಒಲೆ ಆರಿಸು ಎಂದು.

ನಾನು ಏಳುತ್ತಿದ್ದೆ. ಅತ್ತೆ ನನ್ನ ಭುಜ ಹಿಡಿದು ಕೂರಿಸಿದಳು. ಅವಳಿಗೆ ಥಟ್ಟನೆ ಹೊಳೆದಿತ್ತು. ಅವಳೇ ಹೆಂಗಸಿಗೆ ತೆಲುಗಿನಲ್ಲಿ ಕೇಳಿದಳು, "ಆರ್ಪಕಪೋತೆ?" ಆರಿಸದಿದ್ದರೆ?

ಹೆಂಗಸು ಮೇಸ್ತ್ರಿಯನ್ನು ನೋಡಿದಳು. ಮೇಸ್ತ್ರಿ ನೆಲ ನೋಡಿದ. ಒಲೆ ಉರಿಯುವ ಮನೆಗೆ ಗಡ್ಡಪಾರೆ ಹಾಕುವುದು ಅವರಲ್ಲಿ ಇಲ್ಲ, ನಮ್ಮಲ್ಲೂ ಇಲ್ಲ. ಹಳೆಯ ಮನೆ ಕೆಡವುವಾಗ ಆ ಮನೆಯ ಹೆಂಗಸೇ ಒಲೆ ಆರಿಸಿ, ಬೂದಿ ಬಳಿದು ಹೊರಗೆ ತರಬೇಕು. ಬೇರೆಯವರ ಒಲೆಗೆ ನೀರು ಹುಯ್ದ ಕೂಲಿಯವನ ಮನೆಯಲ್ಲಿ ಅನ್ನ ಬೇಯುವುದಿಲ್ಲ ಎಂಬ ಮಾತಿದೆ.

ಅತ್ತೆ ಹೊರಗೆ ಬಂದು ಬೀದಿಗೆ ಕೂಗಿದಳು. "ಲೇ, ಯಾರೂ ಒಲೆ ಆರಿಸ್ಬ್ಯಾಡ್ರೇ! ಆರಿರೋರು ಹಚ್ರೇ!"

ಗಂಡಸರು ಬೇಲಿ ಕಿತ್ತು ತಂದರು. ಹೆಂಗಸರು ಒಬ್ಬರ ಮನೆಯಿಂದ ಒಬ್ಬರ ಮನೆಗೆ ಕೆಂಡ ಒಯ್ದರು. ಬೇಯಿಸಲು ಏನೂ ಇಲ್ಲದವರು ಬರೀ ನೀರು ಇಟ್ಟರು. ಸ್ವಲ್ಪ ಹೊತ್ತಿಗೆ ಇಪ್ಪತ್ತೊಂದು ಮಾಡಿನಲ್ಲಿ ಹೊಗೆ. ಒಡ್ಡರು ಗಡ್ಡಪಾರೆ ಊರಿ ಅದರ ಮೇಲೆ ಗದ್ದ ಇಟ್ಟು ಕೂತರು.

ಚನ್ನರಾಯಪ್ಪ ಕುಣಿದ. "ಏನ್ರೋ, ಕೂಲಿಗ್ ಬಂದೋ, ಶಾಸ್ತ್ರ ಹೇಳಕ್ ಬಂದೋ?"

"ಒಲೆ ಆರ್ಲಿ ಗೌಡಾ. ಅರ್ಧ ಗಂಟೆ ಕೆಲ್ಸ," ಎಂದ ನರಸಿಂಹಪ್ಪ.

ಚನ್ನರಾಯಪ್ಪ ತನ್ನ ಆಳಿಗೆ ಕೊಡ ಕೊಟ್ಟ. ಒಳಗೆ ಹೋಗಿ ಸುರಿ ಎಂದ. ಆ ಆಳು ಊರೊಳಗಿನವನು. "ಹೊಲೇರ ಮನೆಯೊಳಗೆ ನಾನಾ? ನನ್ ಹೆಂಡ್ತಿ ಮನೆಗ್ ಸೇರಿಸ್ತಾಳಾ ಗೌಡ್ರೇ?" ಎಂದ. ಬಾಗಿಲಲ್ಲೇ ನಿಂತು ನೀರು ಎರಚಿದ. ನಮ್ಮ ಒಲೆ ಇರುವುದು ಹಿಂಬದಿಯಲ್ಲಿ. ನೀರು ನಡುಮನೆಯಲ್ಲೇ ಚೆಲ್ಲಿತು.

"ನೀವೇ ಬನ್ನಿ ಗೌಡ್ರೇ," ಎಂದಳು ಅತ್ತೆ. "ಓಟಿಗೆ ಬಂದಾಗ್ಲೂ ಹೊಂಗೆ ಮರದತ್ರನೇ ನಿಂತಿದ್ರಿ. ಇವತ್ತಾದ್ರೂ ಒಳಗ್ ಬನ್ನಿ."

ಚನ್ನರಾಯಪ್ಪ ಹೊಸಿಲಿನಿಂದ ಎರಡು ಮಾರು ದೂರ ನಿಂತು ಬೈದ. ನಮ್ಮ ಅಮ್ಮನನ್ನು ಬೈದ, ಅಜ್ಜಿಯನ್ನು ಬೈದ. ನಮ್ಮ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನೂರಾರು ವರ್ಷ ನಮ್ಮನ್ನು ಹೊರಗಿಟ್ಟ ಮೈಲಿಗೆ ಅವತ್ತು ನಮ್ಮ ಬಾಗಿಲು ಕಾಯುತ್ತಿತ್ತು. ಅದಕ್ಕೆ ಖುಷಿಪಡಬೇಕೋ, ಉಗುಳಬೇಕೋ ನನಗೆ ತಿಳಿಯಲಿಲ್ಲ.

ಆಫೀಸರು ಜೀಪಿನಿಂದ ಇಳಿದು ಬಂದ. ಬೆಂಗಳೂರಿನವನು, ಓದಿದವನು. ಇವನು ಬರುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ನಮ್ಮ ಬಾಗಿಲಿಗೆ ಬಂದು ತಲೆ ಬಗ್ಗಿಸಿದ. ಒಳಗೆ ಕತ್ತಲು, ಒಲೆಯ ಬೆಳಕು, ಹೊಗೆ. ಅವನು ಮೇಲೆ ನೋಡಿದ. ತೊಲೆ ಕಂಡಿರಬೇಕು. ಹೊಗೆ ಹಿಡಿದು ಕಲ್ಲಿನ ಹಾಗೆ ಕಪ್ಪಾದ ತೊಲೆ. ಒಂದು ದಿನವೂ ಒಳಗೆ ನೋಡದೆ ಬರೆದುಕೊಂಡು ಹೋಗಿದ್ದನಲ್ಲ.

"ಬಾ ಸ್ವಾಮಿ," ಎಂದಳು ಅತ್ತೆ. ಬೈಗುಳ ಇರಲಿಲ್ಲ ಅವಳ ದನಿಯಲ್ಲಿ. "ಒಂದ್ ಲೋಟ ಅಂಬ್ಲಿ ಕುಡಿ. ಆಮೇಲೆ ನೀನೇ ಆರಿಸು. ನಿನ್ ಕೈಯಾರ ಆರಿಸ್ದೆ ಅಂದ್ರೆ ನಾನೇನೂ ಅನ್ನಲ್ಲ."

ಅವನು ಒಂದು ಕಾಲು ಹೊಸಿಲ ಮೇಲಿಟ್ಟ. ಷೂ ಹಾಕಿದ ಕಾಲು. ನಾನು ಸೌಟು ಗಟ್ಟಿಯಾಗಿ ಹಿಡಿದುಕೊಂಡೆ.

ಹೊಂಗೆ ಮರದ ಕಡೆಯಿಂದ ಶಾನುಭೋಗರ ದನಿ ಬಂತು. ಅವರು ಕೊಡೆ ಹಿಡಿದು ನಿಂತಿದ್ದರು. ಮಧ್ಯಾಹ್ನ ಒಂದು ಗಂಟೆ.

"ಚಂದ್ರಶೇಖರ್ ಅವ್ರೇ, ಎಲೆ ಹಾಕಿದೆ. ಒಳಗೆ ಹೋದ್ರೆ ಮತ್ತೆ ಸ್ನಾನ ಮಾಡ್ಬೇಕಾಗತ್ತೆ. ನಮ್ಮನೆಯವಳು ಒಪ್ಪಲ್ಲ. ಊಟ ಆರಿಹೋಗತ್ತೆ."

ದನಿ ಏರಿಸಲಿಲ್ಲ. ಎಂದಿನ ಹಾಗೆ.

ಆಫೀಸರು ಅತ್ತೆಯನ್ನು ನೋಡಿದ. ಒಲೆಯನ್ನು ನೋಡಿದ. ಅವನ ಹಣೆಯಲ್ಲಿ ಬೆವರಿತ್ತು. ಕಾಲು ಹಿಂದೆಗೆದುಕೊಂಡ.

"ಆಮೇಲೆ ನೋಡೋಣ," ಎಂದು ಯಾರಿಗೋ ಹೇಳಿದ.

ಅವನು ಕೊಡೆಯ ನೆರಳಿನಲ್ಲಿ ಕೋಟೆ ಬಾಗಿಲ ಒಳಗೆ ಹೋದ. ಚನ್ನರಾಯಪ್ಪ ಹಿಂದೆಯೇ ಹೋದ. ಒಡ್ಡರು ಟ್ರ್ಯಾಕ್ಟರಿನ ನೆರಳಿಗೆ ಸರಿದು ಬುತ್ತಿ ಬಿಚ್ಚಿದರು. ಕೇರಿಯಲ್ಲಿ ಯಾರೋ ಕೇಕೆ ಹಾಕಿದರು. "ಹೋದ ಕಣೇ, ಹೋದ!" ಎಂದು ಹೆಂಗಸರು ಬೀದಿಗೆ ಓಡಿ ಬಂದರು. ನಾನೂ ಸೌಟು ಹಿಡಿದುಕೊಂಡೇ ಓಡಿ ಬಂದು ನಗುತ್ತಿದ್ದೆ, ಅಳುತ್ತಿದ್ದೆ.

ಅತ್ತೆ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಒಳಗಿನಿಂದಲೇ ಕೂಗಿದಳು.

"ಏನ್ ನಗ್ತಾ ನಿಂತಿದ್ದೀರೇ? ಉಂಡು ಬರ್ತಾನೆ. ಸೌದೆ ತನ್ನಿ."